ಆರ್‌ವಿ ಕ್ಯಾಂಪಿಂಗ್: ಬ್ಯಾಟರಿ, ಸೋಲಾರ್ ಆರಿಸುವುದು ಹೇಗೆ?

ಅಮೆರಿಕದ ಅರಿಜೋನಾ, ಯೂಟಾ ಕಡೆ ಸರ್ಕಾರಿ ಬಯಲಿನಲ್ಲಿ ಆರ್‌ವಿ (ಒಳಗೇ ವಾಸಿಸುವಂತೆ ಸಜ್ಜಾದ ಮನೆಯಂಥ ಗಾಡಿ) ನಿಲ್ಲಿಸಿ, ಸಾಮಾನ್ಯವಾಗಿ 14 ದಿನದವರೆಗೆ ಪುಕ್ಕಟೆ ತಂಗಬಹುದು. ಆದರೆ ಅಲ್ಲಿ ನಲ್ಲಿಯೂ ಇಲ್ಲ, ಕರೆಂಟೂ ಇಲ್ಲ. ಅಂಥ ಕಡೆ ಹೊರಡುವವರು ಮೊದಲು ಸೋಲಾರ್ ಪ್ಯಾನೆಲ್ ಕೊಳ್ಳಲು ಓಡುತ್ತಾರೆ. ಅದಕ್ಕೂ ಮುಂಚೆ ಒಂದು ಲೆಕ್ಕ ಆಗಬೇಕು.

ದಿನಕ್ಕೆ ಎಷ್ಟು ಕರೆಂಟ್ ಬೇಕು ಅಂತ ಬರೆದುಕೊಳ್ಳಿ. 12 ವೋಲ್ಟ್ ಫ್ರಿಜ್‌ಗೆ ಸುಮಾರು 500 ವ್ಯಾಟ್-ಅವರ್ (ವ್ಯಾಟನ್ನು ಬಳಸಿದ ಗಂಟೆಗಳಿಂದ ಗುಣಿಸಿದ ಲೆಕ್ಕ), ರಾತ್ರಿಯಿಡೀ ತಿರುಗುವ ಫ್ಯಾನಿಗೆ 200, ಲ್ಯಾಪ್‌ಟಾಪಿಗೆ 180, ಲೈಟು, ಫೋನು, ನೀರಿನ ಪಂಪ್ ಸೇರಿ ಇನ್ನೊಂದು ನೂರು. ಹತ್ತಿರ ಹತ್ತಿರ 1,000 ಆಯ್ತಲ್ವಾ? ಎಸಿಯನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ. ಅದೊಂದೇ ಇಷ್ಟನ್ನೂ ಒಂದು ಗಂಟೆಯೊಳಗೆ ನುಂಗಿಬಿಡುತ್ತದೆ.

ಈಗ ಬ್ಯಾಟರಿ. 12 ವೋಲ್ಟಿನ 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ, ಎರಡನ್ನೂ ಗುಣಿಸಿದರೆ, 1,200 ವ್ಯಾಟ್-ಅವರ್ ಇರುತ್ತದೆ. ಅದರಲ್ಲಿ ಅರ್ಧ ಮಾತ್ರ ಬಳಸಬೇಕು, ಅಂದರೆ 600 ವ್ಯಾಟ್-ಅವರ್. ಪದೇ ಪದೇ ಅದಕ್ಕಿಂತ ಇಳಿಸಿದರೆ ಬೇಗ ಹಾಳಾಗುತ್ತದೆ. ಅಷ್ಟೇ ದೊಡ್ಡ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟ್ ತುಸು ಜಾಸ್ತಿ, ಹಾಗಾಗಿ 1,280 ಕೊಡುತ್ತದೆ, ಬಹುಪಾಲು ಬಳಸಲೂಬಹುದು. ದುಬಾರಿಯಾದರೂ ನನ್ನ ಓಟು ಇದಕ್ಕೇ. ಒಂದು ಎಚ್ಚರ: ಸೊನ್ನೆ ಡಿಗ್ರಿಗಿಂತ ಚಳಿಯಲ್ಲಿ ಇದನ್ನು ಚಾರ್ಜ್ ಮಾಡಬಾರದು. ಚಳಿಗಾಲದಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಂಥ ಎತ್ತರದ ಊರಿಗೆ ಹೋಗುವವರು ಹೀಟರ್ ಇರುವ ಬ್ಯಾಟರಿಯನ್ನೇ ಕೊಳ್ಳಿ.

ಚಾರ್ಜಿಂಗ್ ಹೇಗೆ ಅನ್ನುವುದು ನಿಮ್ಮ ಪ್ರವಾಸದ ರೀತಿಯ ಮೇಲೆ ನಿಂತಿದೆ. ದಿನಾ ಎರಡು ಗಂಟೆ ಗಾಡಿ ಓಡಿಸುವವರಿಗೆ 30 ಆಂಪಿಯರ್ ಡಿಸಿ-ಡಿಸಿ ಚಾರ್ಜರ್ (ಗಾಡಿ ಓಡುವಾಗ ಅದರ ಕರೆಂಟನ್ನು ಹದವಾಗಿ ಈ ಬ್ಯಾಟರಿಗೆ ತುಂಬುವ ಪೆಟ್ಟಿಗೆ) ಬಹುಮಟ್ಟಿಗೆ ಸಾಕು. ದಾರಿಯಲ್ಲೇ ಸುಮಾರು 800 ವ್ಯಾಟ್-ಅವರ್ ತುಂಬುತ್ತದೆ. ಇದಿಲ್ಲದೆ ಲಿಥಿಯಂ ಬ್ಯಾಟರಿಗೆ ಆಲ್ಟರ್ನೇಟರಿನಿಂದ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ) ನೇರ ವೈರ್ ಎಳೆದರೆ, ಅದು ಕರೆಂಟನ್ನು ಒಂದೇ ಸಮ ಎಳೆದು ಆಲ್ಟರ್ನೇಟರನ್ನೇ ಸುಡಬಹುದು.

ವಾರಗಟ್ಟಲೆ ಒಂದೇ ಕಡೆ ನಿಲ್ಲುವವರಿಗೆ ಸೋಲಾರ್ ಬೇಕೇ ಬೇಕು. ಒಳ್ಳೆಯ ಬಿಸಿಲಿನ ದಿನವನ್ನು ಐದು ಗಂಟೆ ಪೂರ್ತಿ ಬಿಸಿಲು ಅಂತ ಹಿಡಿಯಿರಿ. ಚಾವಣಿ ಮೇಲೆ ಮಲಗಿಸಿದ ಪ್ಯಾನೆಲ್ ಶಾಖ, ಧೂಳಿಗೆ ಕಾಲು ಭಾಗಕ್ಕಿಂತ ಜಾಸ್ತಿಯೇ ಕಳೆದುಕೊಳ್ಳುತ್ತದೆ. ಹಾಗಾಗಿ ದಿನದ ಆ 1,000ಕ್ಕೆ ಬೇಸಿಗೆಗೆ 300 ವ್ಯಾಟ್ ಪ್ಯಾನೆಲ್, ಚಳಿಗಾಲಕ್ಕೆ 400 ಇರಲಿ. ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಕಂಟ್ರೋಲರ್, ಪ್ಯಾನೆಲ್ಲಿನಿಂದ ಆದಷ್ಟು ಹೆಚ್ಚು ಕರೆಂಟ್ ತೆಗೆಯುವ ಎಂಪಿಪಿಟಿ ಮಾದರಿಯದ್ದಾಗಿರಲಿ. ಪ್ಯಾನೆಲ್ ಕೂರಿಸುವ ಮುಂಚೆ ಚಾವಣಿ ಹತ್ತಿ ನೋಡಿ. ಬೆಳಿಗ್ಗೆ, ಸಂಜೆ ಎಸಿ ಪೆಟ್ಟಿಗೆಯ ನೆರಳು ಎಲ್ಲಿ ಬೀಳುತ್ತದೋ ಅಲ್ಲಿ ಬೇಡ. ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಪ್ಯಾನೆಲ್ ಸೊರಗುತ್ತದೆ.

ಸತತ ಮೋಡದ ದಿನಗಳಿಗೆ ಚಿಕ್ಕ ಜನರೇಟರ್ ಜೊತೆಗಿರಲಿ. ಇನ್ನು ವೈರಿಂಗ್: ದಪ್ಪ ಕೇಬಲ್ ಹಾಕಿಸಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೂರಿಸಿ. ಇಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ.