433 ಅಂತ ಬರೆದಿದ್ದರೆ ಸಾಕಾಗಲ್ಲ: ಬ್ಯಾಟರಿ ಇಲ್ಲದ ಸ್ವಿಚ್ಚೂ ಬಜಾರಿನ ರಿಸೀವರೂ

ಬ್ಯಾಟರಿ ಇಲ್ಲದ ವೈರ್‌ಲೆಸ್ ಸ್ವಿಚ್ ತೋರಿಸಿದರೆ ಗಿರಾಕಿಗಳು ಕೇಳುವುದು ಒಂದೇ. ಇದರ ಜೊತೆ ಬರುವ, ಸ್ವಿಚ್ಚಿನ ಸಂಕೇತ ಹಿಡಿದು ದೀಪ ಹತ್ತಿಸುವ ರಿಸೀವರ್ ದುಬಾರಿ ಆಯ್ತು, ಬಜಾರಿನ ಅಗ್ಗದ 433 ಮೆಗಾಹರ್ಟ್ಸ್ ರಿಸೀವರ್ ಹಾಕಿದರೆ ನಡೆಯಲ್ವಾ? ಎರಡೂ ಡಬ್ಬಿ ಮೇಲೆ 433 ಅಂತಲೇ ಇದೆಯಲ್ಲ? ನಾನು ಹುಬ್ಬಳ್ಳಿಯಲ್ಲಿ ಮನೆ ವೈರಿಂಗ್ ಕೆಲಸ ಮಾಡುವವನು. ಸಂಜೆ ಹೊತ್ತು ಆರ್ಡುಯಿನೋ (ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಬೋರ್ಡ್), ರೇಡಿಯೋ ಮಾಡ್ಯೂಲ್ ಹಿಡಿದು ಕೂರುವ ಚಟವೂ ಇದೆ. ಹಾಗಾಗಿ ಈ ಪ್ರಶ್ನೆಗೆ ಬಾಯಿಮಾತಿನ ಉತ್ತರ ಕೊಡುವ ಬದಲು ಮಾಡಿಯೇ ನೋಡಿದೆ.

ಅದಕ್ಕೆ ನೆಪವಾಗಿದ್ದು ಧಾರವಾಡ ಮಾಳಮಡ್ಡಿಯ ಒಂದು ಹೆಂಚಿನ ಮನೆ. ದಪ್ಪ ಮಣ್ಣಿನ ಗೋಡೆ. ಪಡಸಾಲೆಯ ದೀಪಕ್ಕೆ ಬಾಗಿಲ ಹತ್ತಿರ ಒಂದೇ ಸ್ವಿಚ್. ಮಲಗುವ ಕೋಣೆಯಿಂದಲೂ ಆರಿಸುವ ಹಾಗಿರಬೇಕು ಎಂಬುದು ಯಜಮಾನರ ಬೇಡಿಕೆ. "ಗ್ವಾಡಿ ಮಾತ್ರ ಕೊರಿಬ್ಯಾಡ್ರಿ. ಒಂದ್ ಕಡೆ ಬಡದ್ರ ಮೂರ್ ಕಡೆ ಉದುರ್ತದ" ಎಂದರು. ಕೇಸಿಂಗ್ ಪಟ್ಟಿಯೂ ಅವರಿಗೆ ಇಷ್ಟವಿಲ್ಲ. ಉಳಿದದ್ದು ವೈರ್‌ಲೆಸ್ ದಾರಿ ಮಾತ್ರ.

ಮೊದಲು ಸ್ವಿಚ್ ಬಿಚ್ಚಿ ನೋಡಿದೆ. ಒಳಗೆ ಒಂದು ಪುಟ್ಟ ಆಯಸ್ಕಾಂತ, ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿ ಸುತ್ತಿದ ಕಾಯಿಲ್, ಅದರ ನಡುವೆ ಒಂದು ಕಬ್ಬಿಣದ ಪಟ್ಟಿ. ಗುಂಡಿ ಒತ್ತಿದರೆ ಪಟ್ಟಿ ಟಕ್ ಅಂತ ಆಯಸ್ಕಾಂತದ ಒಂದು ತುದಿಯಿಂದ ಇನ್ನೊಂದಕ್ಕೆ ಹಾರುತ್ತದೆ. ಆಗ ಕಾಯಿಲಿನೊಳಗಿನ ಕಾಂತಕ್ಷೇತ್ರ ತಿರುವುಮುರುವಾಗಿ ಒಂದು ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ. ಗುಂಡಿ ಬಿಟ್ಟಾಗ ಉಲ್ಟಾ ದಿಕ್ಕಿನಲ್ಲಿ ಇನ್ನೊಂದು. ಮೆಲ್ಲಗೆ ಒತ್ತಿ, ಗುದ್ದಿ ಒತ್ತಿ, ಹೆಚ್ಚು ವ್ಯತ್ಯಾಸ ಇಲ್ಲ. ಹಾರುವ ವೇಗ ಸ್ಪ್ರಿಂಗಿನದ್ದು, ನಿಮ್ಮ ಬೆರಳಿನದ್ದಲ್ಲ. ಬರುವ ಶಕ್ತಿ ಮೈಕ್ರೋಜೂಲ್ ಲೆಕ್ಕದ್ದು. ಅದರಲ್ಲಿ ಚಿಪ್ ಎದ್ದು, ತನ್ನ ಗುರುತಿನ ಸಂಖ್ಯೆ ಹೇಳಿ, ಕೆಲವೇ ಮಿಲಿಸೆಕೆಂಡಿನಲ್ಲಿ ಮಲಗಬೇಕು. ಹೊರಟ ಬಸ್ಸಿನ ಕಿಟಕಿಯಿಂದ ಊರಿನ ಸುದ್ದಿ ಹೇಳಿದ ಹಾಗೆ.

ತೊಂದರೆಯ ಬೇರು ಇಲ್ಲೇ ಇದೆ. ಗೇಟಿನ ರಿಮೋಟ್‌ಗಳಲ್ಲಿ ಸಾಮಾನ್ಯವಾಗಿ ಇರುವ ಇವಿ1527 ಚಿಪ್ ತೆಗೆದುಕೊಳ್ಳಿ. ಅದು 24 ಬಿಟ್, ಅಂದರೆ 24 ಸಲ 1 ಅಥವಾ 0, ಕಳಿಸುತ್ತದೆ. ಒಂದು ಮಿಡಿತ 350 ಮೈಕ್ರೋಸೆಕೆಂಡ್ ಅಂತಿಟ್ಟುಕೊಂಡರೆ ಒಂದು ಬಿಟ್‌ಗೆ ಅಂಥ ನಾಲ್ಕು, ಅಂದರೆ 1.4 ಮಿಲಿಸೆಕೆಂಡ್. ಶುರುವಿನ ಗುರುತೂ ಸೇರಿ ಒಂದು ಸಂದೇಶಕ್ಕೆ ಸುಮಾರು 45 ಮಿಲಿಸೆಕೆಂಡ್ ಬೇಕು. ಬೆರಳು ತೆಗೆಯುವವರೆಗೆ ಅದನ್ನೇ ಮತ್ತೆ ಮತ್ತೆ ಕೂಗುತ್ತಿರುತ್ತದೆ. ಬ್ಯಾಟರಿ ಇದೆ, ಅದಕ್ಕೇನು ಚಿಂತೆ? ನಮ್ಮ ಸ್ವಿಚ್ಚಿಗೆ ಒಂದು ಸಲಕ್ಕೂ ಅಷ್ಟು ಹೊತ್ತು ಉಸಿರು ಇಲ್ಲ. ಅದಕ್ಕೇ ಅದು ಸೆಕೆಂಡಿಗೆ 1 ಲಕ್ಷ ಬಿಟ್‌ನಂಥ ವೇಗದಲ್ಲಿ ಮಾತಾಡುತ್ತದೆ.

ಮಾತಾಡುವ ರೀತಿಯೂ ಬೇರೆ. ಅಗ್ಗದ ರಿಸೀವರ್‌ಗೆ ಗೊತ್ತಿರುವುದು ಅಲೆ ಇದೆಯೋ ಇಲ್ಲವೋ ಅನ್ನುವುದಷ್ಟೇ. ನನ್ನ ಸ್ವಿಚ್ ಅಲೆಯನ್ನು ಆರಿಸುವುದೇ ಇಲ್ಲ. ಆವರ್ತನವನ್ನು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಸರಿಸಿ 1 ಮತ್ತು 0 ಹೇಳುತ್ತದೆ. ಇದಕ್ಕೆ ಎಫ್‌ಎಸ್‌ಕೆ ಅನ್ನುತ್ತಾರೆ. ಅಗ್ಗದ ರಿಸೀವರ್‌ಗೆ ಇದು ಒಂದೇ ಸಮನೆ ಇದ್ದು ಮಾಯವಾದ ಅಲೆ ಮಾತ್ರ. ಆರ್ಡುಯಿನೋಗೆ ಅಂಥ ಮಾಡ್ಯೂಲ್ ಜೋಡಿಸಿ ಆರ್‌ಸಿ-ಸ್ವಿಚ್ ಲೈಬ್ರರಿ (ಇಂಥ ರಿಮೋಟ್ ಕೋಡ್ ಓದುವ ಸಿದ್ಧ ಪ್ರೋಗ್ರಾಂ) ಓಡಿಸಿದಾಗ ಗೇಟಿನ ರಿಮೋಟ್ ಕೋಡ್ ತಕ್ಷಣ ತೆರೆಯ ಮೇಲೆ ಬಂತು. ಸ್ವಿಚ್ ಒತ್ತಿದರೆ ಏನೂ ಇಲ್ಲ. ಆಂಟೆನಾಗೆ ತಾಗಿಸಿ ಒತ್ತಿದರೂ ಇಲ್ಲ.

ಸ್ವಿಚ್ ಸತ್ತಿಲ್ಲ ಅಂತ ಖಚಿತವಾಗಿದ್ದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ರೇಡಿಯೋ ಅಲೆಯನ್ನು ಕಂಪ್ಯೂಟರ್ ತೆರೆ ಮೇಲೆ ತೋರಿಸುವ ಸಾಧನ) ಹಾಕಿದ ಮೇಲೆ. ಒತ್ತಿದಾಗಲೆಲ್ಲ ತೆರೆ ಮೇಲೆ ಚಿಕ್ಕ ಗೆರೆ, ಅದರಲ್ಲಿ ಅಕ್ಕಪಕ್ಕ ಎರಡು ಉಬ್ಬು. ಎರಡು ಉಬ್ಬು ಕಂಡರೆ ಎಫ್‌ಎಸ್‌ಕೆ ಎಂದೇ ಹಿಡಿಯಬಹುದು. ಆಮೇಲೆ ಸಿಸಿ1101 ಎಂಬ ರೇಡಿಯೋ ಚಿಪ್‌ನ ಮಾಡ್ಯೂಲ್ ತಂದು, ಆರ್ಡುಯಿನೋ ಥರದ್ದೇ ಇನ್ನೊಂದು ಬೋರ್ಡ್ ಇಎಸ್‌ಪಿ32ಗೆ ಕಟ್ಟಿದೆ. ಈ ಚಿಪ್‌ಗೆ ಆವರ್ತನ, ವೇಗ, ಮಾತಿನ ರೀತಿ ಎಲ್ಲವನ್ನೂ ನಾವೇ ಹೇಳಿಕೊಡಬಹುದು. 3.3 ವೋಲ್ಟ್ ಮಾತ್ರ ಕೊಡಿ, 5 ಕೊಟ್ಟರೆ ಹೋಯ್ತು. 433ಕ್ಕೂ 868ಕ್ಕೂ ಬೇರೆ ಬೇರೆ ಮಾಡ್ಯೂಲ್ ಬರುತ್ತವೆ, ನೋಡಲು ಒಂದೇ ಥರ. ಕೇಳಿಯೇ ತನ್ನಿ. 433ಕ್ಕೆ ಆಂಟೆನಾ ಅಂದರೆ 17 ಸೆಂಟಿಮೀಟರ್ ತಂತಿ, ಅಷ್ಟೇ.

ಜಾಸ್ತಿ ಆಟ ಆಡಿಸಿದ್ದು ಬ್ಯಾಂಡ್‌ವಿಡ್ತ್, ಅಂದರೆ ರಿಸೀವರ್ ಕಿವಿಗೊಡುವ ಆವರ್ತನದ ಅಗಲ. 203 ಕಿಲೋಹರ್ಟ್ಸ್ ಇಟ್ಟಾಗ ಸಂದೇಶ ಬಿಟ್ಟು ಬಿಟ್ಟು ಬರುತ್ತಿತ್ತು. ಅಗ್ಗದ ಸ್ವಿಚ್ಚಿನ ಆವರ್ತನ ಹೇಳಿದ ಜಾಗದಲ್ಲೇ ನಿಲ್ಲುವುದಿಲ್ಲ. 325ಕ್ಕೆ ಏರಿಸಿದ ಮೇಲೆ ತಪ್ಪದೆ ಬಂತು. ಪ್ರತಿ ಸಲವೂ ಒಂದಿಷ್ಟು ಬೈಟ್ ಹಾಗೇ ಇರುತ್ತಿತ್ತು, ಅದು ಸ್ವಿಚ್ಚಿನ ಗುರುತು. ಸ್ವಿಚ್ಚಿನ ಮೂರು ಗುಂಡಿಗಳಲ್ಲಿ ಯಾವುದನ್ನು ಒತ್ತಿದೆ ಎಂಬುದಕ್ಕೆ ತಕ್ಕಂತೆ ಒಂದು ಬೈಟ್ ಬದಲಾಗುತ್ತಿತ್ತು, ಅದರ ಜೊತೆ ಕೊನೆಯ ಚೆಕ್‌ಸಮ್ (ಸಂದೇಶ ಸರಿಯಾಗಿ ಬಂತೇ ಎಂದು ತಾಳೆ ನೋಡುವ ಸಂಖ್ಯೆ) ಕೂಡ. ಇಷ್ಟು ಗೊತ್ತಾದರೆ ದೀಪದ ಕರೆಂಟ್ ಹಾಕಿ ತೆಗೆಯುವ ರಿಲೇ ಓಡಿಸುವುದು ದೊಡ್ಡ ಮಾತಲ್ಲ.

ಜರ್ಮನಿಯ ಎನ್‌ಓಷನ್ ಕಂಪನಿಯ ಬ್ಯಾಟರಿ ಇಲ್ಲದ ಸ್ವಿಚ್‌ಗಳ ಕಥೆ ಬೇರೆ. ಅವುಗಳ ಭಾಷೆ ಗುಟ್ಟಲ್ಲ, 2012ರಲ್ಲೇ ಐಎಸ್‌ಒ/ಐಇಸಿ 14543-3-10 ಎಂಬ ಮಾನಕವಾಗಿದೆ. ಅದಕ್ಕೆ ಹೊಂದುವ ರಿಸೀವರ್ ಬೇರೆ ಕಂಪನಿಯದಾದರೂ ನಡೆಯುತ್ತದೆ. ಆದರೆ ಯುರೋಪಿನ ಮಾದರಿ 868.3 ಮೆಗಾಹರ್ಟ್ಸ್‌ನದು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865ರಿಂದ 868, ಅಂದರೆ ಅದು ಗೆರೆಯ ಆಚೆ ಬಿತ್ತು. ಅವರದೇ 2.4 ಗಿಗಾಹರ್ಟ್ಸ್‌ನ ಬ್ಲೂಟೂತ್ ಮತ್ತು ಜಿಗ್‌ಬೀ ಮಾದರಿಗಳಿವೆ. ಕೊಳ್ಳುವುದಾದರೆ ಅವೇ ವಾಸಿ.

ಮಾಳಮಡ್ಡಿ ಮನೆಗೆ ಕೊನೆಗೆ ಹಾಕಿದ್ದು ಸ್ವಿಚ್ ಮಾಡಿದವರದೇ ರಿಸೀವರ್. ನಾನು ಕಟ್ಟಿದ ಸಿಸಿ1101 ಪೆಟ್ಟಿಗೆ ನನ್ನ ಮನೆಯಲ್ಲೇ ಇದೆ, ಚೆನ್ನಾಗೇ ನಡೆಯುತ್ತಿದೆ. ಆದರೆ ನಾನು ಊರಲ್ಲಿ ಇಲ್ಲದಾಗ ಅದು ಕೈಕೊಟ್ಟರೆ ಅವರ ಮನೆಯಲ್ಲಿ ಯಾರು ನೋಡಬೇಕು? ಹಳೇ ಸ್ವಿಚ್‌ಬೋರ್ಡಿಗೆ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಬಂದಿರಲಿಲ್ಲ. ರಿಸೀವರ್‌ಗೆ ಅದು ಬೇಕೇ ಬೇಕು. ಹಾಗಾಗಿ ಮೇಲೆ ದೀಪದ ಪಾಯಿಂಟ್‌ನಲ್ಲೇ ಕೂರಿಸಿದೆ. ಆಗ ಇನ್ನೊಂದು ಪೇಚು: ಯಾರಾದರೂ ರೂಢಿಯ ಮೇಲೆ ಬಾಗಿಲ ಹತ್ತಿರದ ಹಳೇ ಸ್ವಿಚ್ ಆರಿಸಿದರೆ ರಿಸೀವರ್‌ಗೇ ಕರೆಂಟ್ ಇಲ್ಲ. ಆ ಹಳೇ ಸ್ವಿಚ್ಚಿನ ತಂತಿಗಳನ್ನು ಬೋರ್ಡಿನೊಳಗೇ ನೇರ ಜೋಡಿಸಿ, ಆ ಜಾಗದ ಮೇಲೆ ಎರಡನೇ ಬ್ಯಾಟರಿ ಇಲ್ಲದ ಸ್ವಿಚ್ ಅಂಟಿಸಿದೆ. ಒಂದೇ ರಿಸೀವರ್‌ಗೆ ಎರಡನ್ನೂ ಕಲಿಸಿದ್ದಾಯಿತು. ಕರೆಂಟ್ ಹೋಗಿ ಬಂದಾಗ ದೀಪ ತಾನಾಗಿ ಹತ್ತುತ್ತದೋ ಆರಿರುತ್ತದೋ ಅನ್ನುವುದನ್ನು ಮೇನ್ ಸ್ವಿಚ್ ತೆಗೆದು ಹಾಕಿ ಮೊದಲೇ ನೋಡಿಕೊಳ್ಳಿ. ರಾತ್ರಿ ಎರಡಕ್ಕೆ ಪಡಸಾಲೆ ದೀಪ ಹತ್ತಿದರೆ ಫೋನ್ ಬರುವುದು ನಮಗೇ.

ಇದನ್ನು ನೋಡಿದ ಗದಗಿನ ಒಬ್ಬರು ಹೊಲದ ಬೋರ್‌ವೆಲ್ ಸ್ಟಾರ್ಟರ್‌ಗೂ ಹಾಕಿಕೊಡಿ ಎಂದರು. ಒಲ್ಲೆ ಎಂದೆ. ಈ ಸ್ವಿಚ್ ಪ್ರತಿ ಸಲ ಅದೇ ಗುರುತನ್ನೇ ಹೇಳುತ್ತದೆ. ನಾನು ಮೇಜಿನ ಮೇಲೆ ಹಿಡಿದ ಹಾಗೆ ಯಾರು ಬೇಕಾದರೂ ಹಿಡಿದು ಮತ್ತೆ ಬಿಡಬಹುದು. ದೀಪ ಹತ್ತಿದರೆ ಪರವಾಗಿಲ್ಲ, ಮೋಟಾರಿಗೆ ಕೈ ಹಾಕಿ ರಿಪೇರಿ ಮಾಡುವಾಗ ಅದು ಶುರುವಾದರೆ?