ಫಲಿತಾಂಶದ ದಿನವೇ ಟಿ.ಸಿ. ಕೇಳಿ
ಏಳನೇ ತರಗತಿಗೆ ಮುಗಿಯುವ ಸರ್ಕಾರಿ ಶಾಲೆಯ ಮಕ್ಕಳು ಎಂಟಕ್ಕೆ ಬೇರೆ ಶಾಲೆ ಸೇರಬೇಕು, ಅದಕ್ಕೆ ಟಿ.ಸಿ. (ವರ್ಗಾವಣೆ ಪ್ರಮಾಣಪತ್ರ) ಬೇಕು. ಏಪ್ರಿಲ್‌ನಲ್ಲಿ ಫಲಿತಾಂಶ ಹೇಳುವ ದಿನವೇ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಡಿ. ರಜೆ ಶುರುವಾದರೆ ಶಾಲೆಗೆ ಬೀಗ.

ಟಿ.ಸಿ. ಕೈಗೆ ಬಂದಾಗ ಅಲ್ಲೇ ನಿಂತು ಓದಿ. ಮಗುವಿನ ಹೆಸರು, ಇನಿಷಿಯಲ್, ತಂದೆ-ತಾಯಿ ಹೆಸರು, ಜಾತಿ, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ), ಎಲ್ಲಕ್ಕಿಂತ ಮುಖ್ಯವಾಗಿ ಜನ್ಮ ದಿನಾಂಕ, ಅಂಕಿಯಲ್ಲೂ ಅಕ್ಷರದಲ್ಲೂ. ಆಧಾರ್, ಜನನ ಪ್ರಮಾಣಪತ್ರ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಈಗ ಬಿಟ್ಟ ತಪ್ಪು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೋಗುತ್ತದೆ. ಆಮೇಲೆ ತಿದ್ದಿಸಲು ಕೋರ್ಟಿಗೆ ಅಲೆಯಬೇಕಾದೀತು. ಪಾಪ, ಅದರ ಪಾಡು ಮಗುವಿಗೆ.

ಎರಡು ಜೆರಾಕ್ಸ್ ತೆಗೆಸಿಟ್ಟುಕೊಂಡೇ ಮೂಲಪ್ರತಿಯನ್ನು ಹೊಸ ಶಾಲೆಗೆ ಕೊಡಿ.