ಥಂಡಿ ಹಿಡಿದ ಡಿಸ್ಕ್: ನನ್ನ ಅನುಭವ

ಶಿವಮೊಗ್ಗದ ಆಸ್ಪತ್ರೆಯೊಂದರ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ನಾನು ತಂತ್ರಜ್ಞೆಯಾಗಿ ಸೇರಿ ಹದಿನೇಳು ವರ್ಷವಾಯಿತು. ರೋಗಿಯ ರಕ್ತ, ಮೂತ್ರ, ಕೀವು, ಕಫವನ್ನು ಅಗಾರ್ ಎಂಬ ಪೋಷಕ ಜೆಲ್ಲಿ ತುಂಬಿದ ಪ್ಲೇಟಿನ ಮೇಲೆ ಬಿತ್ತಿ, ಬೆಳೆದದ್ದು ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ಹೇಳುವುದು ನಮ್ಮ ಕೆಲಸ. ಬಗ್ಗುವುದಿಲ್ಲ ಎಂಬುದಕ್ಕೆ ನಾವು ‘ರೆಸಿಸ್ಟೆಂಟ್’ ಎಂದು ಒಂದು ಪದ ಬರೆದರೆ ವಾರ್ಡಿನಲ್ಲಿ ಮಾತ್ರೆ ನಿಂತು ಇಂಜೆಕ್ಷನ್ ಶುರುವಾಗುತ್ತದೆ, ಮನೆಗೆ ಹೊರಟವರು ಇನ್ನೊಂದು ವಾರ ಉಳಿಯುತ್ತಾರೆ. ಒಂದು ಮಳೆಗಾಲದಲ್ಲಿ ನಾನು ಆ ಪದವನ್ನು ಸುಮಾರು ಎರಡು ತಿಂಗಳು ತಪ್ಪಾಗಿ ಬರೆದೆ.

ಪರೀಕ್ಷೆ ನೋಡಲು ಸರಳ. ಬೆಳೆದ ಬ್ಯಾಕ್ಟೀರಿಯಾವನ್ನು ಸಲೈನಿನಲ್ಲಿ ಕದಡಿ, ಕಪ್ಪು ಗೆರೆಗಳ ಕಾರ್ಡಿನ ಮುಂದೆ ಹಿಡಿದು, ಅದರ ಮಬ್ಬು 0.5 ಮ್ಯಾಕ್‌ಫರ್ಲೆಂಡ್ ಎಂಬ ಅಳತೆಗೆ ಸಮ ಬರುವಂತೆ ಮಾಡುತ್ತೇವೆ. ಹದಿನೈದು ನಿಮಿಷದೊಳಗೆ ಅದನ್ನು ಹತ್ತಿಯ ಕಡ್ಡಿಯಿಂದ ಮುಲ್ಲರ್-ಹಿಂಟನ್ ಅಗಾರಿನ ಮೇಲೆ ಮೂರು ದಿಕ್ಕಿನಲ್ಲೂ ಒಂದಿಂಚೂ ಬಿಡದಂತೆ ಸವರುತ್ತೇವೆ. ಅದರ ಮೇಲೆ ಒಂದೊಂದು ಔಷಧ ತುಂಬಿದ 6 ಮಿಲಿಮೀಟರ್ ಅಗಲದ ಕಾಗದದ ಡಿಸ್ಕ್‌ಗಳನ್ನು ಇಡುತ್ತೇವೆ. ರಾತ್ರಿಯೆಲ್ಲ ಇನ್‌ಕ್ಯುಬೇಟರಿನಲ್ಲಿದ್ದ ಪ್ಲೇಟನ್ನು ಬೆಳಿಗ್ಗೆ ತೆಗೆದರೆ ಮಸುಕಾದ ಬೆಳೆಯ ನಡುವೆ ಡಿಸ್ಕಿನ ಸುತ್ತ ತಿಳಿಯಾದ ವೃತ್ತಗಳು ಕಾಣುತ್ತವೆ. ನಾವು ಜೋನ್ ಎನ್ನುವುದು ಅದನ್ನೇ. ಪ್ಲೇಟನ್ನು ಮಗುಚಿ, ಕಪ್ಪು ಹಿನ್ನೆಲೆಯ ಮೇಲೆ ಹಿಡಿದು, ಅಳತೆಪಟ್ಟಿಯಿಂದ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತೇವೆ. ಅಗಲ ಹೆಚ್ಚಾದರೆ ಔಷಧ ನಾಟುತ್ತದೆ, ಕಡಿಮೆಯಾದರೆ ನಾಟುವುದಿಲ್ಲ.

ಆ ವರ್ಷ ಆಷಾಢದಲ್ಲಿ ಮೂತ್ರದ ಕಲ್ಚರ್‌ಗಳಲ್ಲಿ ಒಂದು ಬದಲಾವಣೆ ಕಂಡಿತು. ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಬೆಳೆದ ಪ್ಲೇಟುಗಳಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಡಿಸ್ಕಿನ ಜೋನ್ ದಿನದಿಂದ ದಿನಕ್ಕೆ ಕುಗ್ಗತೊಡಗಿತು. ಬೇಸಿಗೆಯಲ್ಲಿ ಸೆನ್ಸಿಟಿವ್ ಎಂದು ಬರೆಯುತ್ತಿದ್ದಲ್ಲೆಲ್ಲ ಈಗ ರೆಸಿಸ್ಟೆಂಟ್. ಔಷಧ ಪ್ರತಿರೋಧ ಏರುತ್ತಿದೆ ಎಂದು ದಿನವೂ ಪತ್ರಿಕೆಯಲ್ಲಿ ಓದುವ ನಮಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ತಿಂಗಳ ವರದಿಯಲ್ಲಿ ನಾನೇ ಅದನ್ನು ಕೆಂಪು ಶಾಯಿಯಲ್ಲಿ ಬರೆದೆ. ವೈದ್ಯರು ಅದನ್ನು ನಂಬಿ ಮಾತ್ರೆಯಲ್ಲಿ ಮುಗಿಯಬಹುದಾಗಿದ್ದ ಸೋಂಕಿಗೂ ಮೆರೊಪೆನೆಮ್ ಇಂಜೆಕ್ಷನ್ ಬರೆಯತೊಡಗಿದರು.

ನಾವು ಕಣ್ಣು ಮುಚ್ಚಿಕೊಂಡೇನೂ ಕುಳಿತಿರಲಿಲ್ಲ. ವಾರಕ್ಕೊಮ್ಮೆ ಗುಣಮಟ್ಟದ ಪರೀಕ್ಷೆ ಮಾಡುತ್ತಿದ್ದೆವು. ಇದಕ್ಕೆಂದೇ ಜಗತ್ತಿನಾದ್ಯಂತ ಬಳಸುವ ಒಂದು ಇ. ಕೋಲೈ ತಳಿ ಇದೆ. ಅದರ ಸಂಖ್ಯೆ ಎಟಿಸಿಸಿ 25922. ಅದರ ಮೇಲೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಡಿಸ್ಕ್ ಇಟ್ಟರೆ ಜೋನ್ 18ರಿಂದ 24 ಮಿಲಿಮೀಟರ್ ಒಳಗೆ ಬರಬೇಕು. ನಮಗೆ ಪ್ರತಿ ವಾರವೂ 19, 20 ಬರುತ್ತಿತ್ತು. ಸಹಿ ಹಾಕಿ ಪುಸ್ತಕ ಮುಚ್ಚುತ್ತಿದ್ದೆ.

ಶ್ರಾವಣದಲ್ಲಿ ಬೇರೆ ಊರಿನಿಂದ ಹಿರಿಯ ಸೂಕ್ಷ್ಮಜೀವಿ ತಜ್ಞೆಯೊಬ್ಬರು ನಮ್ಮ ಪ್ರಯೋಗಾಲಯ ನೋಡಲು ಬಂದರು. ನಮ್ಮ ಕೆಂಪು ಶಾಯಿಯ ಪುಟವನ್ನು ಎರಡು ನಿಮಿಷ ನೋಡಿ ಒಂದೇ ಪ್ರಶ್ನೆ ಕೇಳಿದರು: “ಕ್ಲಾವುಲನೇಟ್ ಇರುವ ಡಿಸ್ಕ್‌ಗೆ ಯಾವ ತಳಿ ಹಾಕುತ್ತೀರಿ?”

“25922, ಮೇಡಂ.”

“35218 ಹಾಕುವುದಿಲ್ಲವಾ?”

ಇಲ್ಲ ಎಂದೆ. ಅವರು ಬಯ್ಯಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು ವಿವರಿಸಿದರು. ಆ ಡಿಸ್ಕಿನಲ್ಲಿರುವುದು ಎರಡು ವಸ್ತು. ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಅಮಾಕ್ಸಿಸಿಲಿನ್. ಆ ಔಷಧವನ್ನೇ ಕತ್ತರಿಸಿ ಹಾಕುವ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಇರುತ್ತದೆ. ಅದರ ಕೈ ಕಟ್ಟಿಹಾಕುವುದು ಕ್ಲಾವುಲನೇಟ್. 25922 ತಳಿಗೆ ಆ ಕಿಣ್ವವೇ ಇಲ್ಲ. ಹಾಗಾಗಿ ಡಿಸ್ಕಿನಲ್ಲಿ ಕ್ಲಾವುಲನೇಟ್ ಪೂರ್ತಿ ಸತ್ತಿದ್ದರೂ ಅಮಾಕ್ಸಿಸಿಲಿನ್ ಒಂದೇ ಅದನ್ನು ಕೊಂದು ಚೆಂದದ ಜೋನ್ ತೋರಿಸುತ್ತದೆ. ರೋಗಿಯ ಇ. ಕೋಲೈಗೆ ಎಷ್ಟೋ ಸಲ ಕಿಣ್ವ ಇರುತ್ತದೆ, ಆಗ ಅದು ಬದುಕಿಕೊಳ್ಳುತ್ತದೆ. ನಾವು ಇಷ್ಟು ದಿನ ಪರೀಕ್ಷಿಸಿದ್ದು ಡಿಸ್ಕಿನ ಅರ್ಧವನ್ನು ಮಾತ್ರ.

35218 ತಳಿ ಕಿಣ್ವ ಇರುವಂಥದ್ದು. ಅದನ್ನು ತರಿಸಿ ಹಾಕಿದೆವು. ಬರಬೇಕಾದದ್ದು 17ರಿಂದ 22. ಬಂದದ್ದು 12. ಅಂದೇ ಬಂದ ಹೊಸ ಸೀಸೆಯ ಡಿಸ್ಕನ್ನು ಅದೇ ಪ್ಲೇಟಿನ ಇನ್ನೊಂದು ಬದಿಗೆ ಇಟ್ಟಿದ್ದೆ. ಅದರ ಸುತ್ತ 19. ಒಂದೇ ಪ್ಲೇಟು, ಒಂದೇ ಬ್ಯಾಕ್ಟೀರಿಯಾ, ಒಂದೇ ಇನ್‌ಕ್ಯುಬೇಟರ್, ಎರಡು ವೃತ್ತ. ಆ ಬೆಳಿಗ್ಗೆ ಕೈಯಲ್ಲಿದ್ದ ಅಳತೆಪಟ್ಟಿಯನ್ನು ಕೆಳಗಿಡಲು ಸ್ವಲ್ಪ ಹೊತ್ತು ಬೇಕಾಯಿತು.

ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಕ್ಲಾವುಲನೇಟ್‌ಗೆ ತೇವ ಆಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಹಪ್ಪಳದ ಡಬ್ಬಿಯನ್ನು ಎರಡು ಸಲ ತೆರೆದರೆ ಮೂರನೆಯ ಸಲಕ್ಕೆ ಹಪ್ಪಳ ಮೆತ್ತಗಾಗಿರುತ್ತದೆ ಎಂಬುದು ಇಲ್ಲಿನ ಯಾವ ಮನೆಗೂ ಹೊಸದಲ್ಲ. ನಾವು ಬೆಳಿಗ್ಗೆಯ ಗಡಿಬಿಡಿಯಲ್ಲಿ ಡಿಸ್ಕಿನ ಸೀಸೆಯನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಮುಚ್ಚಳ ತೆರೆಯುತ್ತಿದ್ದೆವು. ತಣ್ಣಗಿನ ಗಾಜಿನೊಳಕ್ಕೆ ಹೊರಗಿನ ಒದ್ದೆ ಗಾಳಿ ನುಗ್ಗಿ ಇಬ್ಬನಿಯಾಗಿ ಕೂರುತ್ತಿತ್ತು. ಮೇಲಿಂದ ಗಾಳಿಮಳೆಗೆ ಕರೆಂಟ್ ಹೋಗಿ, ದಾಸ್ತಾನಿಟ್ಟ ಫ್ರೀಜರ್ ಎರಡು ರಾತ್ರಿ ಕರಗಿ ಮತ್ತೆ ಹೆಪ್ಪುಗಟ್ಟಿತ್ತು.

ಮರುದಿನದಿಂದ ಮಾಡಿದ್ದೆಲ್ಲ ಸಣ್ಣ ಕೆಲಸಗಳೇ. ದಾಸ್ತಾನು ಮೈನಸ್ 20 ಡಿಗ್ರಿಯಲ್ಲಿ, ಸೀಲು ಒಡೆಯದೆ. ಆ ಫ್ರೀಜರಿಗೆ ಪ್ರತ್ಯೇಕ ಇನ್ವರ್ಟರ್ ಸಂಪರ್ಕ. ವಾರದ ಬಳಕೆಯ ಸೀಸೆಗಳು ಮಾತ್ರ ಫ್ರಿಜ್ಜಿನಲ್ಲಿ, ಬಿಗಿ ಮುಚ್ಚಳದ ಡಬ್ಬಿಯೊಳಗೆ, ಸಿಲಿಕಾ ಜೆಲ್ ಜೊತೆ. ಬೆಳಿಗ್ಗೆ ಮೊದಲು ಬಂದವರು ಡಬ್ಬಿಯನ್ನು ಹೊರಗಿಡಬೇಕು, ಒಂದು ಗಂಟೆ ಕಳೆದು ಕೋಣೆಯ ಶಾಖಕ್ಕೆ ಬರುವವರೆಗೆ ಯಾರೂ ಮುಚ್ಚಳ ಮುಟ್ಟಬಾರದು. ಸಿಲಿಕಾ ಜೆಲ್‌ನ ಕಾಳುಗಳು ಒಣಗಿದ್ದಾಗ ನೀಲಿ, ತೇವ ಹೀರಿದಾಗ ಗುಲಾಬಿ. ನಮ್ಮ ಜುಲೈನಲ್ಲಿ ಅವು ಮೂರೇ ದಿನಕ್ಕೆ ಗುಲಾಬಿಯಾಗುತ್ತವೆ. ಓವನ್‌ನಲ್ಲಿ ಹುರಿದು ಮತ್ತೆ ನೀಲಿ ಮಾಡಿಕೊಳ್ಳುತ್ತೇವೆ. 35218 ತಳಿಯ ಜೊತೆ ಪ್ರತಿ ಸಲ ಕ್ಲಾವುಲನೇಟ್ ಇಲ್ಲದ ಬರೀ ಆಂಪಿಸಿಲಿನ್ ಡಿಸ್ಕನ್ನೂ ಇಡುತ್ತೇವೆ. ಅದರ ಸುತ್ತ ಜೋನ್ ಬರಲೇಬಾರದು. ಬಂದರೆ ತಳಿಯೇ ತನ್ನ ಕಿಣ್ವವನ್ನು ಕಳೆದುಕೊಂಡಿದೆ ಎಂದರ್ಥ, ಆಗ ಹೊಸದಾಗಿ ತರಿಸಬೇಕು.

ಕಠಿಣವಾದದ್ದು ವಾರ್ಡುಗಳಿಗೆ ಪತ್ರ ಬರೆಯುವುದು. ಇಂಥ ದಿನದಿಂದ ಇಂಥ ದಿನದವರೆಗೆ ಈ ಔಷಧದ ಬಗ್ಗೆ ಕೊಟ್ಟ ಫಲಿತಾಂಶವನ್ನು ನಂಬಬೇಡಿ ಎಂದು ನಾನೇ ಬರೆದು ನಾನೇ ಕೊಂಡುಹೋಗಿ ಕೊಟ್ಟೆ. ಮೆರೊಪೆನೆಮ್ ಕೈಯಲ್ಲಿ ಉಳಿದಿರುವ ಕೊನೆಯ ಕೆಲವು ಔಷಧಗಳಲ್ಲಿ ಒಂದು. ಬೇಡದಲ್ಲಿ ಕೊಟ್ಟಷ್ಟೂ ಅದನ್ನೂ ಕತ್ತರಿಸಬಲ್ಲ ಕಿಣ್ವವುಳ್ಳ ಬ್ಯಾಕ್ಟೀರಿಯಾಗಳೇ ವಾರ್ಡಿನಲ್ಲಿ ಉಳಿದು ಹೆಚ್ಚುತ್ತವೆ. ಕಾಗದದ ಮೇಲಿನ ಸುಳ್ಳು ಪ್ರತಿರೋಧ ನಿಜವಾದ ಪ್ರತಿರೋಧವನ್ನು ಸಾಕುತ್ತದೆ ಎಂಬುದು ನನಗೆ ಅರ್ಥವಾದದ್ದು ಆ ಪತ್ರ ಬರೆಯುವಾಗ.

ಮುಂದಿನ ವರ್ಷ, ನಾಟಿ ಮುಗಿಯುವ ಹೊತ್ತಿಗೆ, ಹೊಸನಗರದ ಕಡೆಯಿಂದ ಐವತ್ತರ ಆಸುಪಾಸಿನ ಕೃಷಿಕರೊಬ್ಬರು ದಾಖಲಾದರು. ಗದ್ದೆ, ಸ್ವಲ್ಪ ಅಡಿಕೆ ತೋಟ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೂರು ವಾರದ ಜ್ವರ, ಊದಿದ ಮೊಣಕಾಲು, ಸ್ಕ್ಯಾನಿನಲ್ಲಿ ಗುಲ್ಮದ (ಸ್ಪ್ಲೀನ್) ತುಂಬ ಸಣ್ಣ ಸಣ್ಣ ಕೀವುಗುಳ್ಳೆ. ಮನೆಯವರಿಗೆ ಮಂಗನ ಕಾಯಿಲೆಯ ಹೆದರಿಕೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಅದು ಪತ್ತೆಯಾದಾಗಿನಿಂದ ನಮ್ಮ ಕಡೆ ಜ್ವರ ಎಂದರೆ ಮೊದಲು ಬಾಯಿಗೆ ಬರುವ ಹೆಸರು ಅದೇ. ಆದರೆ ಉಣ್ಣೆಹುಳದ ಕಡಿತದಿಂದ ಬರುವ ಆ ಜ್ವರದ ಕಾಲ ಹೆಚ್ಚಾಗಿ ಚಳಿಗಾಲ, ಬೇಸಿಗೆ. ಮಳೆಗಾಲದಲ್ಲಿ ಇಲಿಜ್ವರದ ಅನುಮಾನವೂ ಬಂದಿತ್ತು, ಕ್ಷಯದ್ದೂ.

ಆ ವಾರ್ಡಿನ ಸಿಸ್ಟರ್ ರಕ್ತವನ್ನು ಪಾಠದಲ್ಲಿರುವಂತೆಯೇ ತೆಗೆದಿದ್ದರು: ಎರಡು ತೋಳಿನಿಂದ, ಒಂದೊಂದು ಬಾಟಲಿಗೆ 10 ಮಿಲಿಲೀಟರ್, ಹೊಸ ಆ್ಯಂಟಿಬಯೋಟಿಕ್ ಕೊಡುವ ಮೊದಲು. ಹೀಗೆ ಬಂದ ಬಾಟಲಿ ನೋಡಿದರೇ ನನಗೆ ಸಮಾಧಾನ. ಒಂದೇ ಬಾಟಲಿಯಲ್ಲಿ 3 ಮಿಲಿಲೀಟರ್ ಬಂದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲವೇನೋ.

ಎರಡನೆಯ ದಿನ ಎರಡೂ ಬಾಟಲಿಗಳಲ್ಲಿ ಬೆಳವಣಿಗೆ ಕಂಡಿತು. ಗ್ರಾಂ ಸ್ಟೇನ್ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಗುಲಾಬಿ ಕಡ್ಡಿಗಳು, ಎರಡು ತುದಿಗೂ ಬಣ್ಣ ಗಾಢ, ನಡುವೆ ಖಾಲಿ ಖಾಲಿ, ಚೆಲ್ಲಿದ ಸೇಫ್ಟಿ ಪಿನ್ನುಗಳ ಹಾಗೆ. ಪ್ಲೇಟಿನಲ್ಲಿ ಮೊದಲ ದಿನ ನುಣುಪಾದ ಸಣ್ಣ ಚುಕ್ಕಿಗಳು, ಯಾವ ಬ್ಯಾಕ್ಟೀರಿಯಾವಾದರೂ ಆಗಬಹುದಿತ್ತು. ಮೂರನೆಯ ದಿನಕ್ಕೆ ಅವು ಒಣಗಿ, ಕಾಳುಮೆಣಸಿನ ಮೈಯಂತೆ ಸುಕ್ಕುಗಟ್ಟಿದ್ದವು. ಆಕ್ಸಿಡೇಸ್ ಎಂಬ ಕಿಣ್ವದ ಪರೀಕ್ಷೆ ಪಾಸಿಟಿವ್. ಈ ಬ್ಯಾಕ್ಟೀರಿಯಾದ ಪ್ಲೇಟಿನಿಂದ ಮಣ್ಣಿನ ವಾಸನೆ ಬರುತ್ತದೆ ಎಂದು ಹಳಬರು ಹೇಳುವುದುಂಟು. ಯಾರೂ ಮೂಸಿ ನೋಡಬಾರದು, ಉಸಿರಿನ ಮೂಲಕವೇ ಅಂಟಬಹುದು. ಅಲ್ಲಿಂದ ಮುಂದೆ ಆ ಪ್ಲೇಟನ್ನು ಸುರಕ್ಷತಾ ಕ್ಯಾಬಿನೆಟ್ಟಿನ ಹೊರಗೆ ತೆರೆಯಲು ಯಾರಿಗೂ ಬಿಡಲಿಲ್ಲ.

ಮೂರು ಡಿಸ್ಕ್ ಇಟ್ಟೆ: ಜೆಂಟಾಮೈಸಿನ್, ಕೊಲಿಸ್ಟಿನ್, ಅಮಾಕ್ಸಿಸಿಲಿನ್-ಕ್ಲಾವುಲನೇಟ್. ಔಷಧ ಆರಿಸಲಿಕ್ಕಲ್ಲ, ಗುರುತು ಹಿಡಿಯಲಿಕ್ಕೆ. ಅಗಾರಿನಲ್ಲಿ ಸರಿಯಾಗಿ ಹರಡದ ಕೊಲಿಸ್ಟಿನ್‌ಗಂತೂ ಡಿಸ್ಕ್ ನೋಡಿ ಸೆನ್ಸಿಟಿವ್ ಎಂದು ಬರೆಯಲೇಬಾರದು. ಮೊದಲ ಎರಡಕ್ಕೂ ಬಗ್ಗದೆ ಮೂರನೆಯದಕ್ಕೆ ಬಗ್ಗುವ ಇಂಥ ಕಡ್ಡಿ ಕಂಡರೆ ಬರ್ಕ್‌ಹೋಲ್ಡೇರಿಯಾ ಸೂಡೋಮಲೈ ಎಂದು ಅನುಮಾನಿಸಬೇಕು. ಅದು ತರುವ ಕಾಯಿಲೆ ಮೆಲಿಯೊಯ್ಡೋಸಿಸ್. ಗದ್ದೆಯ ಕೆಸರಿನಲ್ಲಿ ಬದುಕುವ ಜೀವಿ, ಕಾಲಿನ ಗಾಯದಿಂದ ಒಳಗೆ ಹೋಗುತ್ತದೆ, ಸಕ್ಕರೆ ಕಾಯಿಲೆಯವರನ್ನು ಹೆಚ್ಚು ಕಾಡುತ್ತದೆ. ಇದಕ್ಕೂ ತನ್ನದೇ ಬೀಟಾ-ಲ್ಯಾಕ್ಟಮೇಸ್ ಇದೆ. ಮೂರನೆಯ ಡಿಸ್ಕಿಗೆ ಅದು ಬಗ್ಗುವುದು ಕ್ಲಾವುಲನೇಟ್ ಜೀವಂತವಾಗಿದ್ದರೆ ಮಾತ್ರ.

ಬೆಳಿಗ್ಗೆ ಪ್ಲೇಟು ತೆಗೆದಾಗ ಮೊದಲ ಎರಡು ಡಿಸ್ಕ್‌ಗಳ ಅಂಚಿನವರೆಗೂ ಬೆಳೆ ಒತ್ತಾಗಿ ನಿಂತಿತ್ತು. ಮೂರನೆಯದರ ಸುತ್ತ ದೊಡ್ಡ ತಿಳಿ ವೃತ್ತ. ವೈದ್ಯರಿಗೆ ಫೋನ್ ಮಾಡಿದೆ. ಖಚಿತಪಡಿಸಲು ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಿ, ಉತ್ತರಕ್ಕೆ ಕಾಯದೆ ಅಂದೇ ಸೆಫ್ಟಾಜಿಡೈಮ್ ಇಂಜೆಕ್ಷನ್ ಶುರು ಮಾಡಿದರು. ಉತ್ತರವೂ ಅದೇ ಬಂತು.

ಅಂದು ಸಂಜೆ ಹಿಂದಿನ ಮಳೆಗಾಲದ ರಿಜಿಸ್ಟರ್ ತೆಗೆದೆ. ಆಷಾಢದ ಒಂದು ಪುಟದಲ್ಲಿ ನನ್ನದೇ ಅಕ್ಷರ: ಕೀವಿನ ಮಾದರಿ, ಒಣಗಿದ ಸುಕ್ಕು ಕಾಲೊನಿ, ಜೆಂಟಾಮೈಸಿನ್ ರೆಸಿಸ್ಟೆಂಟ್, ಅಮಾಕ್ಸಿಸಿಲಿನ್-ಕ್ಲಾವುಲನೇಟ್ ರೆಸಿಸ್ಟೆಂಟ್, ಕೊನೆಗೆ ಬೇರೊಂದು ಬ್ಯಾಕ್ಟೀರಿಯಾ ಗುಂಪಿನ ಹೆಸರು, ‘ಸ್ಯೂಡೋಮೊನಾಸ್ ಜಾತಿ’. ಪ್ಲೇಟು ಎಂದೋ ನಾಶವಾಗಿತ್ತು. ಆ ರೋಗಿಯನ್ನು ಮನೆಯವರು ಬೇರೆ ಊರಿಗೆ ಕರೆದೊಯ್ದಿದ್ದರು. ಪುಟದಲ್ಲಿದ್ದ ಸಂಖ್ಯೆಗೆ ಮೂರು ದಿನ ಫೋನ್ ಮಾಡಿದೆ, ಅದು ಚಾಲ್ತಿಯಲ್ಲಿರಲಿಲ್ಲ.

ಹೊಸನಗರದವರು ಇಂಜೆಕ್ಷನ್ ಮುಗಿಸಿ ಕೋಟ್ರೈಮೋಕ್ಸಜೋಲ್ ಮಾತ್ರೆಯೊಂದಿಗೆ ಮನೆಗೆ ಹೋದರು. ಕನಿಷ್ಠ ಮೂರು ತಿಂಗಳು ನುಂಗಬೇಕು, ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ತಿಂಗಳ ಮೇಲೆ ರಕ್ತಪರೀಕ್ಷೆಗೆ ಬಂದಾಗ ಅವರ ಹೆಂಡತಿ ನಮ್ಮ ಕಿಟಕಿಯ ಹತ್ತಿರ ನಿಂತು ಕೇಳಿದರು: “ಜ್ವರ ಬಿಟ್ಟು ಇಷ್ಟು ದಿನ ಆಯಿತಲ್ಲ ಮೇಡಂ, ಇನ್ನೂ ಯಾಕೆ ಮಾತ್ರೆ?”

“ಅಡಿಕೆಯ ಕೊಳೆರೋಗದ ಔಷಧಿ ತೋಟಕ್ಕೆ ಒಂದೇ ಸಲ ಹೊಡೆದು ಬಿಡುತ್ತೀರಾ, ಅಮ್ಮ?”

“ಅದೆಲ್ಲಿ ಸಾಕಾಗುತ್ತದೆ? ನಲವತ್ತು ದಿನಕ್ಕೆ ಇನ್ನೊಂದು ಸಲ ಹೊಡೆಯಲೇಬೇಕು. ಕಾಯಿ ಚೆನ್ನಾಗಿಯೇ ಕಾಣುತ್ತಿರುತ್ತದೆ, ಆದರೂ ಬಿಡುವ ಹಾಗಿಲ್ಲ.”

ಅಷ್ಟು ಹೇಳಿ ತಾವೇ ತಲೆಯಾಡಿಸಿ, ಸೆರಗಿನ ಗಂಟಿನಿಂದ ಚೀಟಿ ಬಿಚ್ಚಿ ಮುಂದಿನ ತಾರೀಖು ಬರೆಸಿಕೊಂಡರು.